ಬಣ್ಣ ಹೋದ ಇಪ್ಪತ್ತೊಂದು ಹವಳ

ನನ್ನ ಗುಳದಾಳಿಯಲ್ಲಿ ಇಪ್ಪತ್ತೊಂದು ಹವಳಗಳಿವೆ. ಗುಳದಾಳಿ ಎಂದರೆ ನಮ್ಮ ಕಡೆಯ ಮುತ್ತೈದೆಯರ ತಾಳಿಯ ಸರ: ಬಂಗಾರದ ಗುಂಡು, ಕರಿಮಣಿ, ನಡುನಡುವೆ ಹವಳ. ಬೇರೆಯವರ ಹವಳ ಮಾಗಿದ ತೊಂಡೆಹಣ್ಣಿನ ಹಾಗೆ ಹೊಳೆಯುತ್ತದೆ. ನನ್ನವು ಬಿಸಿಲಿಗೆ ಬಿದ್ದ ಹಳೆಯ ಇಟ್ಟಂಗಿ ಚೂರಿನಂತೆ ಬಿಳಿಚಿಕೊಂಡಿವೆ. ನೀರಿಗೆ ಹೋದಾಗ ಹೆಂಗಸರು ಕೇಳುತ್ತಾರೆ, "ಯಾಕವಾ, ಗಂಡಾ ಛಲೋ ಗಳಸಾಕತ್ತಾನ, ನಾಕ ಹವಳ ಬದಲಿ ಮಾಡಸಾಕ ಏನ ಧಾಡಿ ನಿನಗ?" ನಾನು ನಕ್ಕು ಕೊಡ ಎತ್ತಿಕೊಂಡು ಬರುತ್ತೇನೆ. ಯಾಕೆ ಬದಲಿಸಿಲ್ಲ ಎಂಬುದನ್ನು ಇವತ್ತು ಬರೆದಿಡುತ್ತೇನೆ. ಅಕ್ಷರ ಕಲಿಸಿದ ನಮ್ಮಪ್ಪನ ಪುಣ್ಯ, ಅಷ್ಟಾದರೂ ಕೈಯಲ್ಲಿದೆ.

ನಾನು ಉಪ್ಪಿನಬೆಟಗೇರಿಯವಳು. ಹದಿಮೂರನೆಯ ವಯಸ್ಸಿಗೆ ಹಳೇ ಹುಬ್ಬಳ್ಳಿಯ ಈ ಓಣಿಗೆ ಸೊಸೆಯಾಗಿ ಬಂದೆ. ಮಾವ ಆಗಲೇ ತೀರಿಕೊಂಡಿದ್ದರು. ಅವರ ಮಗಳನ್ನು, ನನ್ನ ನಾದಿನಿಯನ್ನು, ಶಿರಗುಪ್ಪಿಗೆ ಕೊಟ್ಟಿದ್ದರು. ಮನೆಯಲ್ಲಿ ಉಳಿದದ್ದು ನಮ್ಮತ್ತೆ, ಅವರ ಒಬ್ಬನೇ ಮಗ, ಮತ್ತು ನಾನು. ನಮ್ಮ ಮನೆಯವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು.

ಮಗ ಹುಟ್ಟಿದ ವರ್ಷವೇ ಅತ್ತೆ ಮುಂದೆಂದೋ ಬರುವ ಸೊಸೆಗೆಂದು ಈ ಹವಳ ಕೊಂಡಿಟ್ಟಿದ್ದರು. ತೊಟ್ಟಿಲಲ್ಲಿ ಕೂಸು, ಪೆಟ್ಟಿಗೆಯಲ್ಲಿ ಸೊಸೆಯ ಹವಳ. ಓಣಿಯೆಲ್ಲ ನಕ್ಕಿತ್ತಂತೆ. ಮದುವೆಯ ದಿನ ನನ್ನ ಕೊರಳು ಸವರಿ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಇವಕ್ಕ ನನ್ನ ಮಗನಷ್ಟ ವಯಸ್ಸೈತಿ, ತಂಗಿ. ಜ್ವಾಕಿ. ಹವಳ ಕಳಿಗುಂದಿದ್ರ ಗಂಡಗ ಏನೋ ಕುತ್ತು ಬಂತಂತ ತಿಳೀಬೇಕು."

ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಮುಂಚೆ ಹಳೆಯ ದಾರ ಬಿಚ್ಚಿ ಹೊಸ ರೇಷ್ಮೆಯಲ್ಲಿ ಪೋಣಿಸಬೇಕು. ಆ ಹೊತ್ತಿನಲ್ಲಿ ಮುತ್ತೈದೆಯ ಕೊರಳು ಬರಿದಾಗಿರಬಾರದು. ಅರಿಷಿಣದ ಕೊಂಬೊಂದನ್ನು ದಾರಕ್ಕೆ ಕಟ್ಟಿ ಹಾಕಿಕೊಂಡಿರುತ್ತೇವೆ. ಪೋಣಿಸಿಕೊಡುತ್ತಿದ್ದವರು ನಾಲ್ಕು ಮನೆ ಆಚೆಯ ಪಟವೇಗಾರ ಕಾಕಾ, ಮುಸಲ್ಮಾನರು. ಊರ ಅರ್ಧ ಹೆಣ್ಣುಮಕ್ಕಳ ತಾಳಿ ಅವರ ಕೈ ದಾಟಿಯೇ ಬರಬೇಕು. ಕಾಲಿನ ಹೆಬ್ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಸಿ, ಬಿಗಿಹಿಡಿದು, ಒಂದೊಂದೇ ಮಣಿ ಏರಿಸುತ್ತ ಮಾತಾಡುತ್ತಿದ್ದರು. ನಮ್ಮ ಹವಳವನ್ನು ಬೊಂಬಾಯಿಯಿಂದ ತಂದುಕೊಟ್ಟವರು ಅವರ ತಂದೆಯೇ.

"ಇದು ಇಟಲಿ ಮಾಲು, ಬೇಟಿ. ಅಲ್ಲಿ ಸಮುದ್ರದ ದಂಡಿಗೆ ಒಂದ ಊರೈತಂತ, ಬೆನ್ನಿಗೆ ಬೆಂಕಿ ಗುಡ್ಡ. ಗಂಡಸರು ದೋಣ್ಯಾಗ ಹೋಗಿ ನೀರಿನ ತಳದಾಗಿಂದ ಹವಳದ ಟೊಂಗಿ ಕಿತ್ತ ತರತಾರ. ಹೆಣ್ಣಮಕ್ಕಳು ಸಾಲ ಹಿಡದು ಕುಂತು ಅದನ್ನ ಕೊಯ್ತಾರ, ತೂತ ಕೊರೀತಾರ, ನೀರ ಹಾಕ್ಕೊಂತ ಕಲ್ಲಿಗೆ ತಿಕ್ಕಿ ಗುಂಡ ಮಾಡತಾರ. ಅವ್ವನ ಕೈಯಿಂದ ಮಗಳ ಕೈಗೆ, ಹಂಗ ನಡದ ಬಂದ ಕಸಬು. ಇಲ್ಲಿ ನೋಡು, ತೂತು ಎರಡೂ ಕಡಿಂದ ಕೊರದು ನಡುವ ಕೂಡಸ್ಯಾರ. ಕೂದಲೆಳಿಯಷ್ಟೂ ತಪ್ಪಿಲ್ಲ."

"ನೀವು ಹೋಗಿ ನೋಡೀರೇನ್ರಿ ಕಾಕಾ?"

"ನಾ ಎಲ್ಲಿ ನೋಡ್ಲೆವ್ವಾ? ನಾ ಗದಗ ದಾಟಿಲ್ಲ. ನಮ್ಮಪ್ಪಗ ಬೊಂಬಾಯಿ ಶೇಠ ಹೇಳಿದ್ದು. ಆ ಶೇಠನೂ ನೋಡಿರಲಿಕ್ಕಿಲ್ಲ ಬಿಡು!"

ಆದರೂ ಬೆಳಿಗ್ಗೆ ಬೀಸುಕಲ್ಲಿನ ಮುಂದೆ ಕೂತಾಗ ನನಗೆ ಆ ಹೆಣ್ಣುಮಕ್ಕಳ ನೆನಪಾಗುತ್ತಿತ್ತು. ಅವರೂ ಕೂತೇ ತಿಕ್ಕುತ್ತಾರೆ, ಅವರ ಸೊಂಟವೂ ನೋಯುತ್ತಿರಬೇಕು ಎಂದುಕೊಳ್ಳುತ್ತಿದ್ದೆ.

ದೊಡ್ಡ ಯುದ್ಧ ಬಂತು. ನಮ್ಮ ಮನೆಯವರನ್ನು ಮಿಸರ ದೇಶಕ್ಕೆ, ಅಂದರೆ ಈಜಿಪ್ಟಿಗೆ ಕಳಿಸಿದರು, ಮರಳುಗಾಡಿನಲ್ಲಿ ಹಾಕಿದ್ದ ರೈಲಿನ ಕೆಲಸಕ್ಕೆ. ತಿಂಗಳಿಗೊಂದು ಕಾಗದ ಬರುತ್ತಿತ್ತು, ಸೈನ್ಯದ ತಪಾಸಣೆಯವರು ಅಲ್ಲಲ್ಲಿ ಸಾಲುಗಳಿಗೆ ಕಪ್ಪು ಬಳಿದದ್ದು. "ಕ್ಷೇಮ" ಎಂಬ ಶಬ್ದ ಯಾವಾಗಲೂ ಬಳಿಯದೆ ಉಳಿದಿರುತ್ತಿತ್ತು. ಅಷ್ಟಕ್ಕೇ ಶಿವನಿಗೆ ಕೈಮುಗಿಯುತ್ತಿದ್ದೆವು. ಆ ವರ್ಷ ಪಂಚಮಿಯ ಹೊತ್ತಿಗೆ ಎರಡು ತಿಂಗಳಿಂದ ಅದೂ ಇರಲಿಲ್ಲ.

ಅತ್ತೆ ನಾಲ್ಕು ದಿನಕ್ಕೆಂದು ಶಿರಗುಪ್ಪಿಗೆ ಮಗಳ ಮನೆಗೆ ಹೋಗಿದ್ದರು. ಅವರು ಬರುವುದರೊಳಗೆ ಗುಳದಾಳಿ ಹೊಸದಾಗಿ ಪೋಣಿಸಿರಲಿ ಎಂದು ಅರಿಷಿಣದ ಕೊಂಬು ಕಟ್ಟಿಕೊಂಡು ಹಳೆಯ ದಾರ ಕತ್ತರಿಸಿದೆ. ಮಣಿಗಳಿಗೆ ವರ್ಷದ ಬೆವರು, ಎಣ್ಣೆ, ಅರಿಷಿಣ ಮೆತ್ತಿತ್ತು. ಹಬ್ಬಕ್ಕೆಂದು ದೇವರ ಹಿತ್ತಾಳೆಯ ಸಾಮಾನನ್ನು ಹುಣಸೆಹಣ್ಣಿನ ನೀರಲ್ಲಿ ನೆನೆಯಿಟ್ಟಿದ್ದೆ. ದೇವರ ಸಾಮಾನು ತೊಳೆಯುವ ನೀರು, ತಾಳಿಗೂ ಒಳ್ಳೆಯದೇ ಎಂದುಕೊಂಡು ಬಂಗಾರ, ಹವಳ ಎಲ್ಲ ಅದರಲ್ಲೇ ಬಿಟ್ಟೆ. ತುಸು ಹೊತ್ತು ಬಿಟ್ಟು ತೆಗೆಯಬೇಕೆಂದಿದ್ದೆ. ಎಳ್ಳು ಹುರಿದು, ಉಂಡಿ ಕಟ್ಟುತ್ತ ಮರೆತೆ. ಮಧ್ಯಾಹ್ನ ಕೈ ಹಾಕಿ ತೆಗೆದರೆ ಬಂಗಾರ ಝಗಝಗ ಎನ್ನುತ್ತಿತ್ತು. ಹವಳದ ಮೇಲೆ ಬೂದಿ ಮುಸುಕಿದಂತಾಗಿತ್ತು. ಹೊಳಪಿಲ್ಲ, ಕೆಂಪಿಲ್ಲ, ಉಗುರಾಡಿಸಿದರೆ ಸುಣ್ಣದಂತೆ ಒರಟು.

ಕಾಕಾನ ಮುಂದೆ ಸುರಿದೆ. ಒಂದು ಮಣಿಯನ್ನು ಬೆರಳಲ್ಲಿ ತಿರುವಿ ನೋಡಿ ಅವರು ಕೇಳಿದರು, "ಹುಣಸಿಹಣ್ಣ ಹಚ್ಚೀಯೇನವ್ವಾ?"

ನಾನು ಅಳತೊಡಗಿದೆ.

"ಹುಳಿ ತಾಗಿದ್ರ ಹವಳ ಉಳಿಯೂದಿಲ್ಲ ಬೇಟಿ. ಮುತ್ತಿಗೂ ಅದಽ ಕಥಿ. ಆ ಹೆಣ್ಣಮಕ್ಕಳು ತಿಂಗಳಗಟ್ಟಲೆ ತಿಕ್ಕಿ ತಂದಿದ್ದ ಕಳಿ ನೀ ಒಂದ ಹೊತ್ತಿನ್ಯಾಗ ಇಳಿಸಿದಿ."

"ಬ್ಯಾರೇವು ಹಾಕ್ರಿ ಕಾಕಾ."

"ಎಲ್ಲಿಂದ ಹಾಕ್ಲಿ? ಇಟಲಿ ಈಗ ವೈರಿ ದೇಶ. ಯುದ್ಧ ಹತ್ತಿದಾಗಿಂದ ಬೊಂಬಾಯಿಗೆ ಒಂದ ಕಾಳ ಹವಳ ಬಂದಿಲ್ಲ." ಅವವೇ ಮಣಿಗಳನ್ನು ಪೋಣಿಸಿ ಕೊಟ್ಟರು. "ನಿಮ್ಮತ್ತಿಗೆ ನೀನಽ ಹೇಳಿಬಿಡು. ಬೈದ್ರ ಬೈಸಿಗೊ. ಬೈಗಳಕ್ಕ ಯಾರೂ ಸಾಯೂದಿಲ್ಲ."

ಹೇಳುವವಳೇ ಇದ್ದೆ, ಖಂಡಿತ ಇದ್ದೆ. ಆದರೆ ಅತ್ತೆ ಪಂಚಮಿಯ ಹಿಂದಿನ ದಿನ ಬಂದಾಗ ಜೊತೆಗೆ ನಾದಿನಿ, ಅವಳ ಅತ್ತೆ, ಓರಗಿತ್ತಿ ಎಲ್ಲ ಬಂದಿದ್ದರು. ಹೊಸ್ತಿಲಲ್ಲೇ ಅತ್ತೆಯ ಕಣ್ಣು ನನ್ನ ಕೊರಳಿಗೆ ಬಿತ್ತು. ಕೈಯಲ್ಲಿದ್ದ ಗಂಟು ಜಾರಿತು.

"ಯಾಕ ಹಿಂಗಾಗ್ಯಾವ? ಏನರ ಬಿದ್ದೈತೇನ ಇದರ ಮ್ಯಾಲೆ? ಏನರ ಹಚ್ಚೀಯೇನ?"

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ನನಗೆ ಮಕ್ಕಳಿರಲಿಲ್ಲ. ಅಷ್ಟು ಜನರ ಮುಂದೆ, ತಾಳಿಯನ್ನೂ ಕೆಡಿಸಿದವಳು ಎನಿಸಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ. "ಇಲ್ರೀ, ಏನೂ ಹಚ್ಚಿಲ್ಲ" ಎಂದೆ. ಎದುರಿಗೆ ಗೋಡೆಯಲ್ಲಿ ದೇವರ ಮಾಡ. ನಾನೇ ಬೆಳಗಿಟ್ಟ ದೀಪ ಉರಿಯುತ್ತಿತ್ತು.

ಅತ್ತೆ ಅಳಲಿಲ್ಲ. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಮಾಡದ ಮುಂದೆ ಕೂತು ಹೇಳಿದರು: "ಶಿವನಽ, ನನ್ನ ಮಗಗ ಏನೋ ಆಗೇತಿ. ಈ ಹವಳ ತಿರಗಿ ಕೆಂಪಗ ಆಗೂತನಕಾ ನಾ ಉಪ್ಪ ಮುಟ್ಟೂದಿಲ್ಲ. ಒಪ್ಪತ್ತ ಅಂಬಲಿ ಮ್ಯಾಲೆ ಇರತೇನಿ."

ಅವು ಎಂದಿಗೂ ಕೆಂಪಾಗುವುದಿಲ್ಲ. ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ದಿನಕ್ಕೊಮ್ಮೆ ಒಂದು ಬಟ್ಟಲು ಸಪ್ಪನೆಯ ಜೋಳದ ಅಂಬಲಿ. ನಾನು ರೊಟ್ಟಿ ಬಡಿದರೆ, "ನೀ ಉಣ್ಣು, ನೀ ಯಾಕ ಸೊರಗತಿ" ಎನ್ನುತ್ತಿದ್ದರು. ಪ್ರತಿ ಬೆಳಿಗ್ಗೆ ನನ್ನನ್ನು ಅಂಗಳದ ಬಿಸಿಲಿಗೆ ಕರೆದು, ಗುಳದಾಳಿಯನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿರುತ್ತಿದ್ದೆ.

ಒಮ್ಮೆ ಹವಳಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದೆ. ಎಣ್ಣೆ ಹೀರಿದ ಹವಳ ಅಂದು ಕೆಂಪಾಗಿ ಕಂಡಿತು. ಅತ್ತೆ ನೋಡಿದವರೇ ನನ್ನ ಗಲ್ಲ ಹಿಡಿದರು. "ನೋಡ, ನೋಡ! ನನ್ನ ಮಗಾ ಎದ್ದ ಕುಂತಾನ!" ಓಣಿಗೆಲ್ಲ ಹೇಳಿ ಬಂದರು. ವ್ರತ ಬಿಡಿರೆಂದರೆ, "ತಡಿ, ನಾಳೆ ಒಂದಿನ ನೋಡೂನು" ಎಂದರು. ಮರುದಿನಕ್ಕೆ ಎಣ್ಣೆ ಆರಿತ್ತು. ಹವಳ ಮೊದಲಿನಂತೆ ಬಿಳಿಚಿತ್ತು. ಅತ್ತೆ ಅಂಗಳದಲ್ಲೇ ಕುಸಿದು ಕೂತರು. "ಮತ್ತ ಹೊರಳಿತವ್ವಾ ಅವನ ಜಡ್ಡು." ಅಂದು ಅವರು ಅಂಬಲಿಯನ್ನೂ ಕುಡಿಯಲಿಲ್ಲ.

ಕಾಕಾನ ಹತ್ತಿರ ಓಡಿದೆ. ಕೆಂಪು ಗಾಜಿನ ಮಣಿಯನ್ನಾದರೂ ಹಾಕಿಕೊಡಿ ಎಂದು ಸೆರಗೊಡ್ಡಿದೆ. ಅವರು ಎಳೆ ಸಿಕ್ಕಿಸಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. "ನಲವತ್ತ ವರ್ಷ ತಾಳಿ ಪೋಣಿಸೇನಿ. ಸುಳ್ಳು ಪೋಣಿಸಿಲ್ಲ. ಮುದಕಿ ಉಪ್ಪಿಲ್ಲದ ಒಣಗಾಕತ್ತಾಳ, ನೀ ಬಣ್ಣಾ ಹುಡಕಾಕತ್ತೀ. ಮನೀಗೆ ಹೋಗು."

ಮನೆಗೆ ಬಂದೆ. ಆದರೂ ಹೇಳಲಿಲ್ಲ. ಇವತ್ತು ಹೇಳುವೆ, ಸೋಮವಾರ ಹೇಳುವೆ, ಕಾಗದ ಬಂದ ಮೇಲೆ ಹೇಳುವೆ ಎನ್ನುತ್ತ ಶ್ರಾವಣ ಹೋಯಿತು, ಭಾದ್ರಪದವೂ ಹೋಯಿತು. ದೇವರ ಮುಂದೆ ಕೂತರೆ ಕಣ್ಣು ಮುಚ್ಚಲು ನಾಚಿಕೆಯಾಗುತ್ತಿತ್ತು.

ಮಹಾನವಮಿಗೆ ನಾಲ್ಕು ದಿನವಿದೆ ಎನ್ನುವಾಗ ಅತ್ತೆ ಏಳಲಾರದಾದರು. ವೈದ್ಯರು ಬಂದು ನಾಡಿ ಹಿಡಿದು, "ಜಡ್ಡೇನೂ ಇಲ್ಲ, ಮೈಯಾಗ ಸತ್ವ ಇಲ್ಲ. ಉಣಸ್ರಿ" ಎಂದು ಹೋದರು. ಅವತ್ತೂ ಬೆಳಿಗ್ಗೆ ಅತ್ತೆ ಕೈ ಚಾಚಿದರು, ನನ್ನ ಕೊರಳು ನೋಡಲು. ಕೈ ಅಷ್ಟು ದೂರ ಬರಲಿಲ್ಲ, ನಡುವೆಯೇ ಇಳಿಯಿತು. ಆಗ ನನ್ನ ಬಾಯಿ ಬಿಚ್ಚಿತು.

"ಯವ್ವಾ, ನಿಮ್ಮ ಮಗಗ ಏನೂ ಆಗಿಲ್ರಿ. ಹವಳ ನಾನಽ ಕೆಡಿಸೀನಿ. ಹುಣಸಿಹಣ್ಣಿನ ನೀರಾಗ ಹಾಕಿ ಮರತೀನಿ. ಅವತ್ತ ಸುಳ್ಳ ಹೇಳಿದೆ."

ಬೈಯಲಿ, ಹೊಡೆಯಲಿ, ಹೊರಗೆ ಹಾಕಲಿ ಎಂದು ಕಾದೆ.

"ಖರೇನ?"

"ಖರೇರಿ. ಪಟವೇಗಾರ ಕಾಕಾನ್ನ ಕೇಳ್ರಿ."

"ಹಂಗಾರ ಅವಾ ಛಲೋ ಅದಾನೇನ?"

"ಅದಾರ್ರಿ."

ಒಣಗಿದ ತುಟಿಯಲ್ಲಿ ನಗು ಬಂತು. "ಹುಚ್ಚೀ! ಹುಣಸಿಹಣ್ಣ ಎಷ್ಟ ತುಟ್ಟಿ ಆಗೇತಿ, ಅದನ್ನ ತಂದು ಹವಳಕ್ಕ ಹಾಕಿದ್ಯಲ್ಲ! ಸಾರಿಗೆ ಹಾಕಿದ್ರ ಎಂಟ ದಿನ ಬರತಿತ್ತು." ಸ್ವಲ್ಪ ಸುಧಾರಿಸಿಕೊಂಡು, "ಕಾಗದ ಬರೀಲಿಕ್ಕ ಮೈಗಳ್ಳ ಅವಾ. ಸಾಲಿಗೆ ಹೋಗೂ ಮುಂದನೂ ಹಂಗಽ" ಎಂದರು. ಆಮೇಲೆ ಅವರಾಗಿಯೇ ಕೇಳಿದರು, "ಉಪ್ಪ ಹಾಕಿ ಒಂದೀಟ ನುಚ್ಚು-ಮಜ್ಜಿಗಿ ತಾ."

ಕಲಸಿ ತಂದೆ. ನಾಲ್ಕು ತುತ್ತು ತಿಂದರು. ಐದನೆಯದಕ್ಕೆ ಬೇಡವೆಂದು, ಬಟ್ಟಲಿನ ಅಂಚಿಗೆ ಅಂಟಿದ್ದ ಉಪ್ಪಿನ ಹರಳನ್ನು ಬೆರಳಲ್ಲಿ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಎಳೆಯ ಮಕ್ಕಳು ಬೆಲ್ಲದ ಚೂರು ಚೀಪುವ ಹಾಗೆ ಅದನ್ನು ಚೀಪಿದರು.

ದಿನವೂ ನಾಲ್ಕು ತುತ್ತು ಉಣಿಸಿದೆ. ದೇಹ ಅದನ್ನು ಹಿಡಿಯುವ ಹಂತ ದಾಟಿತ್ತು. ಆರನೆಯ ದಿನ ಬೆಳಿಗ್ಗೆ, ನಾನು ವಿಭೂತಿ ಹಚ್ಚುವಾಗಲೇ, ಹೋದರು. ನನ್ನ ತಪ್ಪನ್ನು ಅವರು ಮಗಳಿಗೂ ಹೇಳಿರಲಿಲ್ಲ. ಮಣ್ಣಿಗೆ ಬಂದವರೆಲ್ಲ ನನ್ನ ಬೆನ್ನು ಸವರಿ, "ಅತ್ತೀನ್ನ ಕೂಸಿನಂಗ ನೋಡಿಕೊಂಡೆವ್ವಾ" ಎಂದರು. ಆ ಮಾತಿನಷ್ಟು ಚುಚ್ಚಿದ್ದು ಬೇರೊಂದಿಲ್ಲ. ಅವತ್ತು ಸಂಜೆ ನಾದಿನಿಗೆ ನಾನೇ ಹೇಳಿದೆ. ಅವಳು ಎರಡು ವರ್ಷ ನಮ್ಮ ಮನೆಯ ನೀರು ಮುಟ್ಟಲಿಲ್ಲ. ಮುಟ್ಟದಿದ್ದುದೇ ಸರಿ.

ಅತ್ತೆಯನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ ಕಾಗದ ಬಂತು. ಒಂದಲ್ಲ, ಮೂರು, ಒಟ್ಟಿಗೇ. ಮೂರರಲ್ಲೂ ಕ್ಷೇಮ. ನಾನು ಸುಳ್ಳು ಹೇಳಿದ ದಿನವೂ, ಎಣ್ಣೆ ತಿಕ್ಕಿದ ದಿನವೂ ನಮ್ಮ ಮನೆಯವರು ಚೆನ್ನಾಗಿಯೇ ಇದ್ದರು, ಅಲ್ಲಿ ರೊಟ್ಟಿ ಸಿಗುವುದಿಲ್ಲವೆಂದು ಗೊಣಗುತ್ತ. ಅತ್ತೆ ಆ ಕಾಗದ ಕೇಳದೆ ಹೋದರು. ಒಮ್ಮೆ ಸುಳ್ಳಾಡಿದ ಸೊಸೆಯ ಬಾಯಿಮಾತೊಂದನ್ನೇ ನಂಬಿಕೊಂಡು ಹೋದರು. ನಂಬಿದರಲ್ಲ ಎಂಬುದು ನನಗೆ ಉಳಿದ ಕೃಪೆ. ಚಿಕ್ಕದು, ಆದರೆ ಅದರ ಮೇಲೆಯೇ ನಿಂತಿದ್ದೇನೆ.

ಯುದ್ಧ ಮುಗಿದು ನಮ್ಮ ಮನೆಯವರು ಬಂದಾಗ ಎಲ್ಲ ಹೇಳಿದೆ. ಮೂರನೆಯ ದಿನ ಊಟಕ್ಕೆ ಕೂತವರು ನನ್ನ ಕೊರಳು ನೋಡಿ ಹೇಳಿದರು: "ಅಲ್ಲಿ ಇಟಲಿ ಸಿಪಾಯಿಗಳನ್ನ ಹಿಡದ ತಂದಿದ್ರು. ಒಬ್ಬನ ಕೊಳ್ಳಾಗ ಇಷ್ಟ ಹವಳ ಇತ್ತು, ಸಣ್ಣ ಮೆಣಸಿನಕಾಯಿ ಇದ್ದಂಗ. ಏನಪಾ ಇದು ಅಂತ ಕೈ ಮಾಡಿ ಕೇಳಿದೆ. 'ಮಾಮ್ಮಾ, ಮಾಮ್ಮಾ' ಅಂದ. ಅವರವ್ವ ದೃಷ್ಟಿ ಆಗಬಾರದಂತ ಹಾಕಿ ಕಳಿಸಿದ್ಲು." ಹೇಳಿ ರೊಟ್ಟಿ ಮುರಿದರು. ನಾನು ಬಡಿಸುವುದನ್ನು ನಿಲ್ಲಿಸಿ ಒಳಗೆ ಹೋದೆ. ಅವನೂ ಅವರವ್ವನಿಗೆ ತಿರುಗಿ ಸಿಕ್ಕಿರಲಿ ಎಂದು ಬೇಡಿಕೊಂಡೆ.

ಈಗ ಬೊಂಬಾಯಿಗೆ ಇಟಲಿ ಹವಳ ಮತ್ತೆ ಬರುತ್ತಿದೆಯಂತೆ. ಕಾಕಾ ಹೇಳಿ ಕಳಿಸಿದ್ದರು. ಬೇಡವೆಂದೆ. ಪಂಚಮಿಗೆ ಮುಂಚೆ ಇವೇ ಇಪ್ಪತ್ತೊಂದನ್ನು ಅವರ ಮುಂದೆ ಸುರಿಯುತ್ತೇನೆ; ಏನೂ ಕೇಳದೆ ಪೋಣಿಸಿಕೊಡುತ್ತಾರೆ. ಅತ್ತೆ ಹೋದ ದಿನ ಬಂದಾಗ ಎಡೆ ಹಿಡಿಯುತ್ತೇನೆ. ಹೋಳಿಗೆ ಒಂದು ಕಡೆ ಇರುತ್ತದೆ. ಅದಕ್ಕಿಂತ ಮುಂಚೆ ಬಡಿಸುವುದು ನುಚ್ಚು-ಮಜ್ಜಿಗೆ, ಪಕ್ಕಕ್ಕೆ ಒಂದು ಹರಳು ಉಪ್ಪು.