ಕೆಂಪು ದೀಪದ ವೀಕ್ಷಕ ವಿವರಣೆ

ಗೆಳೆಯರೇ, ಮೂವತ್ತು ವರ್ಷ ಕಾರು ಓಡಿಸಿದ ನಮ್ಮ ಮಾವನಿಗೆ ಇಂದು ಅಂಬತ್ತೂರಿನಲ್ಲಿ ಅನುಭವಿ ಚಾಲಕರ ಉನ್ನತ ತರಬೇತಿ. ಹಿಂದಿನ ಸೀಟಿನಲ್ಲಿ ನಾನು. ಪಕ್ಕದಲ್ಲಿ ಕೂತ ತರಬೇತುದಾರನದು ಒಂದೇ ಪಾಠ: ಎದುರು ಕಂಡ ಅಪಾಯವನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಓಡಿಸಬೇಕು.

ಮಾವ ಶುರು ಮಾಡಿದರು. "ಎಡಗಡೆ ಎಮ್ಮೆ. ಬಲಗಡೆ ಶೇರ್ ಆಟೋ, ಬೇವರ್ಸಿ, ಈಗ ಅಡ್ಡ ಬರ್ತಾನೆ. ಮುಂದೆ ಸಿಗ್ನಲ್, ಕೆಂಪು."

ಹೇಳುತ್ತಲೇ ಕೆಂಪು ದೀಪ ದಾಟಿಯೇಬಿಟ್ಟರು. ನೀರಿನ ಲಾರಿಯಿಂದ ಕೂದಲೆಳೆಯ ಅಂತರದಲ್ಲಿ ಪಾರಾದೆವು.

"ಸಾರ್, ಬ್ರೇಕ್ ಪೋಡುಂಗ!" ಬ್ರೇಕ್ ಹಾಕಿ ಎಂದು ತರಬೇತುದಾರ ತಮಿಳಿನಲ್ಲಿ ಚೀರಿದ.

ಮಾವ ರಸ್ತೆ ನೋಡುವುದು ಬಿಟ್ಟು ನನ್ನತ್ತ ತಿರುಗಿದರು. "ಹೇಳಿ ಅಂದ, ಹೇಳಿದೆ. ಮೊದಲೇ ನಿಲ್ಲಿಸಿ ಅಂದನಾ?"

ಸಂಜೆ ಪ್ರಮಾಣಪತ್ರ ಬಂತು: ಅಪಾಯ ಗುರುತಿಸುವುದರಲ್ಲಿ ಅತ್ಯುತ್ತಮ.

ಅಂಬತ್ತೂರಿನಲ್ಲಿ ರಸ್ತೆ ದಾಟುವವರು ನಿಶ್ಚಿಂತೆಯಿಂದಿರಿ. ಗುದ್ದುವ ಮೊದಲು ಮಾವ ನಿಮ್ಮನ್ನು ನೋಡಿರುತ್ತಾರೆ, ಗಟ್ಟಿಯಾಗಿ ಹೇಳಿಯೂ ಇರುತ್ತಾರೆ.