ನೂರಾ ನಲವತ್ತೇಳರ ಖಾಲಿ ಚೌಕ

ಟ್ರಂಕಮ್ಮ ಎಂಬುದು ಟೆಲಿಫೋನ್ ಎಕ್ಸ್‌ಚೇಂಜಿನವರು ಅವಳಿಗೆ ಇಟ್ಟ ಹೆಸರು. "ಈಕೆ ಗಂಟಲಿಗೆ ತಂತಿ ಯಾಕೆ? ಕಿಟಕಿ ತೆಗೆದ್ರೆ ಸಾಕು, ಪಕ್ಕದ ಊರಿಗೆ ಟ್ರಂಕ್ ಕಾಲ್ ಹೋಗುತ್ತೆ" ಎಂದು ಸೂಪರ್‌ವೈಸರ್ ನಕ್ಕಿದ್ದೇ ನೆಪ, ಹೆಸರು ಅಂಟಿಕೊಂಡಿತು. ಆಗೆಲ್ಲ ಫೋನ್ ಮಾಡುವವರು ಮೊದಲು ಅವಳಿಗೆ ನಂಬರ್ ಹೇಳಬೇಕಿತ್ತು. ಅವಳು ಬೋರ್ಡಿನಲ್ಲಿ ಆ ನಂಬರಿನ ತೂತಿಗೆ ತಂತಿ ಸಿಕ್ಕಿಸಿ ಮನೆಗೂ ಮನೆಗೂ ಮಾತು ಕೂಡಿಸುತ್ತಿದ್ದಳು. ಇನ್ನೂರು ತೂತು, ಯಾವುದು ಯಾರ ಮನೆ ಎಂದು ಕಣ್ಣು ಮುಚ್ಚಿ ಹೇಳುವಳು. ಪಕ್ಕದ ಸೀಟಿನಲ್ಲಿ ಇಪ್ಪತ್ತೆರಡು ವರ್ಷ ಕೂತ ಗೆಳತಿಯೇ ಅದಕ್ಕೆ ಸಾಕ್ಷಿ.

ಎಪ್ಪತ್ತೊಂದರ ವಯಸ್ಸಿನಲ್ಲಿ ಆ ನೆನಪು ಕೈಕೊಡತೊಡಗಿತು. ಔಷಧಿ ಅಂಗಡಿಯವನು ಮನೆ ನಂಬರ್ ಕೇಳಿದರೆ ಬಾಯಿಗೆ ಬರಲಿಲ್ಲ. ವಾಪಸು ಬಂದು ಬಾಗಿಲ ಮೇಲೆ ಓದಿಕೊಂಡಳು. ಕೂಡಲೇ ಗೆಳತಿಗೆ ಫೋನ್.

"ಅಕ್ಕನಿಗೂ ಹೀಗೇ ಶುರುವಾಗಿದ್ದು ಕಣೇ."

ಅವಳ ಅಕ್ಕ ಕೊನೆಯ ಎರಡು ವರ್ಷ ತಂಗಿಯನ್ನೇ "ಯಾರಮ್ಮ ನೀನು?" ಎಂದು ಕೇಳುತ್ತಿದ್ದವಳು.

ಮರುವಾರ ಟ್ರಂಕಮ್ಮ ಲೈಬ್ರರಿಯ ಕಂಪ್ಯೂಟರಿನ ಮುಂದಿದ್ದಳು. ಲೈಬ್ರರಿ ಮೇಡಂ ಚಿತ್ರ ಜೋಡಿಸುವ ಆಟ ತೋರಿಸಿದರೆ, "ಅದು ಮಕ್ಕಳಿಗಿರಲಿ, ನಂಗೆ ಚೌಕ ಹಾಕೋದು ಹೇಳ್ಕೊಡಿ" ಎಂದಳು. ಹಳೆಯ ಬೋರ್ಡಿನಂತೆಯೇ ಇನ್ನೂರು ಚೌಕ ಹಾಕಿದಳು. ವಾರಕ್ಕೆರಡು ದಿನ, ದಿನಕ್ಕೆ ಐದು ಚೌಕ ತುಂಬಬೇಕು: ನಂಬರು, ಯಾರ ಮನೆ, ದನಿ ಹೇಗಿತ್ತು. ಕಂಪ್ಯೂಟರ್ ತಡಮಾಡಿದರೆ "ಲೈನಲ್ಲೇ ಇರಿ" ಎಂದು ಅದಕ್ಕೇ ಹೇಳುವಳಂತೆ. ಓದುತ್ತಿದ್ದವರೆಲ್ಲ ತಿರುಗಿ ನೋಡುತ್ತಿದ್ದರಂತೆ. ಸಂಜೆ ಗೆಳತಿಗೆ ಫೋನಿನಲ್ಲಿ ಪಾಠ ಒಪ್ಪಿಸುವುದು.

"ಅರವತ್ಮೂರು, ಹಲ್ಲಿನ ಡಾಕ್ಟರು."

"ಅಲ್ಲ, ಐಸ್ ಫ್ಯಾಕ್ಟರಿ."

"ನಿನ್ನ ತಲೆ! ಐಸ್ ಫ್ಯಾಕ್ಟರಿ ಅರವತ್ತಾರು."

ಯೋಚಿಸಿದರೆ ಅವಳದೇ ಸರಿ. ಸೋತದ್ದಕ್ಕೆ ಗೆಳತಿ ಅಷ್ಟು ಹಿಗ್ಗಿದ್ದು ಅದೇ ಮೊದಲು.

ಐದು ತಿಂಗಳಿಗೆ ಬೋರ್ಡು ತುಂಬಿತು, ನೂರಾ ನಲವತ್ತೇಳೊಂದನ್ನು ಬಿಟ್ಟು.

"ಹೇಳ್ಲಾ?"

"ಬಾಯಿ ಬಿಟ್ರೆ ನೋಡು. ನೀನು ಹೇಳಿದ್ರೆ ಅದು ನಿನ್ನ ನೆನಪು. ನನ್ನ ಹತ್ರ ಇದೆಯೋ ಇಲ್ವೋ ಗೊತ್ತಾಗ್ಬೇಕು."

ಅದು ಟ್ರಂಕಮ್ಮನ ಅಕ್ಕನ ಮನೆಯ ನಂಬರೆಂದು ಗೆಳತಿಗೆ ಗೊತ್ತಿತ್ತು. ದಿನವೂ ಕೆಲಸ ಮುಗಿಸಿ ಏಳುವ ಮುಂಚೆ ಆ ತೂತಿಗೆ ತಂತಿ ಸಿಕ್ಕಿಸಿ "ಅಕ್ಕಾ, ಹೊರಟೆ" ಎನ್ನುತ್ತಿದ್ದವಳು, ಅಕ್ಕನ ಮನೆಯಲ್ಲಿ ಫೋನಿತ್ತು ಎಂಬುದನ್ನೇ ಮರೆತಳೇ? ಐದು ವಾರ ಗೆಳತಿ ಸಂಜೆಯ ಫೋನನ್ನು ನಾಲ್ಕೈದು ಸಲ ರಿಂಗಾದ ಮೇಲೇ ಎತ್ತುತ್ತಿದ್ದಳು.

ಆರನೆಯ ವಾರ ಮಧ್ಯಾಹ್ನವೇ ಫೋನ್ ಬಂತು.

"ಕಂಪ್ಯೂಟರಲ್ಲಿ ಬೋರ್ಡು ಇಷ್ಟೇ ಇಷ್ಟು, ನನ್ನ ಕೈಗೆ ಏನು ತಿಳಿಯುತ್ತೆ? ಮೇಡಂ ಕೈಲಿ ಪ್ರೊಜೆಕ್ಟರ್ ಹಾಕಿಸಿ ಗೋಡೆ ಮೇಲೆ ದೊಡ್ಡದಾಗಿ ಬಿಡಿಸ್ದೆ. ನಮ್ಮ ಬೋರ್ಡಿನಷ್ಟೇ. ಕುರ್ಚಿ ಎಳ್ಕೊಂಡು ಕೂತೆ, ಕಣ್ಣು ಮುಚ್ಚಿದೆ. ಹೊರಡೋ ಹೊತ್ತು ಅಂದ್ಕೊಂಡೆ. ಕೈ ತಾನಾಗೇ ಎಡಕ್ಕೆ, ಮೇಲಕ್ಕೆ ಹೋಯ್ತು. ಅರ್ಧ ಎದ್ದು ಚಾಚ್ತಿದ್ನಲ್ಲ... ಅಕ್ಕನ ಮನೆ."

"ಹೂಂ."

ಆ ನಂಬರ್ ಬೇಕೆಂದು ಯಾರೂ ಅವಳನ್ನು ಕೇಳಿರಲಿಲ್ಲ. ಅಕ್ಕನಿಗೆ ಫೋನ್ ಮಾಡುತ್ತಿದ್ದವಳು ತಂಗಿಯೊಬ್ಬಳೇ. ಕಿವಿಗೆ ಬೀಳದ ನಂಬರು ತೋಳಿನಲ್ಲಿ ಉಳಿದಿತ್ತು.

"ಗೊತ್ತಿದ್ದೂ ಸುಮ್ನಿದ್ಯಾ? ಕಲ್ಲು ಕಣೇ ನೀನು."

"ಬಾಯಿ ಮುಚ್ಚು ಅಂದಿದ್ದು ಯಾರು?"

ಇಬ್ಬರೂ ಫೋನ್ ಇಡಲಿಲ್ಲ.

ಮರುದಿನವೇ ಟ್ರಂಕಮ್ಮ ಎಕ್ಸ್‌ಚೇಂಜಿನ ಎರಡನೆಯ ಬೋರ್ಡು, ಇನ್ನೂರ ಒಂದರಿಂದ ಮುಂದಿನದು, ಶುರುಮಾಡಿದಳು. ನಾಲ್ಕು ವಾರ ನಡೆಯಿತು. ಒಂದು ಸಂಜೆ ಫೋನ್ ಬರಲಿಲ್ಲ. ಲೈಬ್ರರಿಯಿಂದ ಬಂದ ಟ್ರಂಕಮ್ಮ, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತು ತೀರಿಕೊಂಡಿದ್ದಳು.

ಹದಿನೈದು ದಿನ ಕಳೆದು ಗೆಳತಿ ಲೈಬ್ರರಿಗೆ ಹೋದಳು. ಮೇಡಂ ಬೋರ್ಡು ತೆರೆದು ಕೊಟ್ಟರು. ಒಪ್ಪಿಸದೆ ಉಳಿದ ಐದು ಚೌಕಗಳಿದ್ದವು. ಇನ್ನೂರ ಮೂವತ್ತೆಂಟು, ಟೈಲರ್ ಅಂಗಡಿ, ಮೂಗಿನಲ್ಲಿ ಮಾತು.

"ನಿನ್ನ ತಲೆ! ಅದು ಬಸ್ ಡಿಪೋ" ಎಂದಳು ಗೆಳತಿ, ಜೋರಾಗಿಯೇ. ಓದುತ್ತಿದ್ದವರು ತಿರುಗಿ ನೋಡಿದರು.

"ತಿದ್ಲಾ ಅಮ್ಮ?" ಎಂದರು ಮೇಡಂ.

ಗೆಳತಿ ಚೌಕವನ್ನು ಇನ್ನೊಮ್ಮೆ ಓದಿಕೊಂಡಳು. ಐಸ್ ಫ್ಯಾಕ್ಟರಿಯ ವಿಷಯದಲ್ಲೂ ಹೀಗೇ ಗಟ್ಟಿಯಾಗಿ ಹೇಳಿದ್ದಳಲ್ಲವೇ? ಟ್ರಂಕಮ್ಮನದೇ ಸರಿಯಿದ್ದರೂ ಇರಬಹುದು. ಯಾರದು ಸರಿ ಎಂದು ಹೇಳಲು ಈಗ ಯಾರೂ ಇಲ್ಲ.

"ಬೇಡ, ಹಾಗೇ ಇರಲಿ" ಎಂದಳು.