ಇಂಜಿನಿಯರ್ ಅವ್ರು

ಅಡಿಗೆಮನೆಯ ದೊಡ್ಡ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಲು ಮೇಸ್ತ್ರಿ ಸಿಮೆಂಟು ಕಲಸುತ್ತಿದ್ದಾಗ, ವಯಸ್ಸಾದ ಹೆಂಗಸೊಬ್ಬರು ಗೇಟಿನ ಬಳಿ ಬಂದು ನಿಂತರು. ನೂಲಿನ ಸೀರೆ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ತಮಿಳುನಾಡಿನ ಈ ಕಂಬಂ ಊರಿನಲ್ಲಿ ಇಷ್ಟು ಹಳೆಯ ತಾರಸಿ ಮನೆ ಈಗ ಅಪರೂಪ, ನೋಡಲು ಆಗಾಗ ಯಾರಾದರೂ ಬರುತ್ತಾರೆ. ಒಳಗೆ ಕರೆದೆ.

ನನ್ನವರು ಎಂದಿನಂತೆ ಶುರು ಮಾಡಿದರು. "ನಾನು ಹುಟ್ಟೋಕೆ ಮುಂಚೆ ನಮ್ಮಪ್ಪ ಕಟ್ಸಿದ್ದು. ಇಂಜಿನಿಯರ್ ಅವ್ರು ಹಿಂಗಂದ್ರು, ಅವ್ರು ಹಂಗಂದ್ರು ಅಂತ ಸಾಯೋಗಂಟ ಹೇಳ್ತಿದ್ರು. ಗಂಡಸಿಗೆ ಅಡ್ಗೆಮನೆ ಏನು ಗೊತ್ತು? ಬೀದಿಯೋರೆಲ್ಲ ನೋಡೋ ಹಂಗೆ ಜನ್ನಲ್ ಮಡಗವ್ರೆ!"

ಆಕೆ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದ ಸಿಮೆಂಟನ್ನು ಸೆರಗಿನಿಂದ ಒರೆಸಿದರು.

"ಬೇಯ್ಸೋಳು ಬೀದಿ ನೋಡ್ಲಿ ಅಂತ ಮಡಗ್ದೆ ಕಣಪ್ಪಾ. ಆ ಇಂಜಿನಿಯರ್ ಅವ್ರು ನಾನೇ. ನಾನು ಕಟ್ಟಿದ ಮನೆಗಳಲ್ಲಿ ಒಡೀದೆ ಉಳ್ದಿರೋದು ಇದೊಂದೇ."

ನನ್ನವರು ನನ್ನ ಮುಖ ನೋಡದೆ ಮೇಸ್ತ್ರಿಯನ್ನು ಬಚ್ಚಲಿನ ಬಿರುಕು ಮುಚ್ಚಲು ಕಳಿಸಿದರು.

ಕಿಟಕಿ ಉಳಿಯಿತು. 'ಅವನು' ಎನ್ನದೆ, 'ಅವಳು' ಎನ್ನದೆ, 'ಅವರು' ಎಂದು ಮರ್ಯಾದೆ ಕೊಟ್ಟು ಕೊಟ್ಟೇ ನಾವು ಇಷ್ಟು ವರ್ಷ ಒಬ್ಬ ಹೆಂಗಸನ್ನು ಗಂಡಸು ಮಾಡಿಟ್ಟಿದ್ದೆವು.